ಹೃದಯದ ಕೋಶಗಳೂ ರೈಲಿನ ಹಳಿಯೂ

ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಬೇರೆ ಬೇರೆ ವಿಭಾಗಗಳ ಸಂಶೋಧಕರು ಒಟ್ಟಿಗೆ ಊಟಕ್ಕೆ ಕೂತು, ಸದ್ಯ ಮಾಡುತ್ತಿರುವ ಕೆಲಸದ ಬಗ್ಗೆ ಮಾತಾಡುತ್ತೇವೆ. ನನ್ನ ಸರದಿ ಬಂದ ದಿನ ಈ ಪರದೇಶದಲ್ಲಿ ನಾನಿರುವ ನೆವಾರ್ಕ್ ಊರಿನಿಂದ ಸೇತುವೆ ದಾಟಿ ಬರುವಾಗ ಕಾರಿನಲ್ಲೇ ಭಾಷಣವನ್ನು ಜೋರಾಗಿ ಅಭ್ಯಾಸ ಮಾಡಿಕೊಂಡಿದ್ದೆ.

ನನ್ನದು ಹೃದಯದ ಜೀವಕೋಶಗಳ ಅಧ್ಯಯನ. ಗಾಜಿನ ತಟ್ಟೆಯಲ್ಲಿ ಬೆಳೆಸಿದರೂ ಅವು ತಮ್ಮಷ್ಟಕ್ಕೆ ಮಿಡಿಯುತ್ತವೆ. ಅವುಗಳಲ್ಲಿ ನನಗೊಂದು ವಿಚಿತ್ರ ಕಂಡಿತ್ತು. ಒಂದಕ್ಕೊಂದು ತಾಗದೆ ದೂರವಿದ್ದ ಕೋಶಗಳೂ ಆಗಾಗ ಒಂದೇ ಕ್ಷಣಕ್ಕೆ ನಡುಗುತ್ತಿದ್ದವು. ಅವು ಹೇಗೋ ಪರಸ್ಪರ ಸುದ್ದಿ ಮುಟ್ಟಿಸುತ್ತಿವೆ ಎಂದು ನಂಬಿದ್ದೆ. ಒಂದು ವರ್ಷ ಅದೇ ಧ್ಯಾನ. ಪ್ರಬಂಧದ ಕರಡೂ ಸಿದ್ಧವಾಗಿತ್ತು.

ಭಾಷಣ ಚೆನ್ನಾಗಿಯೇ ಆಯಿತು. ಎಲ್ಲರೂ ಹೊರಟ ಮೇಲೆ, ಭೂಕಂಪಗಳನ್ನು ಅಧ್ಯಯನ ಮಾಡುವ ಹಿರಿಯ ಪ್ರಾಧ್ಯಾಪಕರೊಬ್ಬರು ಹತ್ತಿರ ಬಂದರು.

"ಕನ್ನಡದವರೇನ್ರಿ? ಸ್ಲೈಡಿನ್ಯಾಗ ಹೆಸರು ನೋಡಿ ಅನಿಸ್ತು," ಎಂದರು. ಧಾರವಾಡದ ಕಡೆಯ ಮಾತು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಎಲ್ಲಾ ಕಡೆ ಒಮ್ಮೆಲೇ ನಡುಗ್ತದ ಅಂದ್ರ ನಾವು ಮೊದಲ ನೆಲಾ ನೋಡ್ತೀವಿ. ನಿಮ್ಮ ಲ್ಯಾಬಿನ ಹತ್ರ ರೈಲು ಓಡಾಡ್ತದೇನು?"

"ಓಡಾಡುತ್ತೆ ಸರ್. ಆದ್ರೆ ನಮ್ಮ ಟೇಬಲ್ಲು ಅಲುಗಾಟ ತಡೆಯೋಂಥದ್ದು."

"ಇರ್ಲಿ. ಒಮ್ಮೆ ನೋಡಿಬಿಡೂಣು."

ನನಗೆ ಸಿಟ್ಟು ಬಂದಿತ್ತು. ಮಣ್ಣು ಕಲ್ಲಿನವರಿಗೆ ಹೃದಯದ ವಿಷಯ ಏನು ಗೊತ್ತು ಎಂದುಕೊಂಡೇ ಒಪ್ಪಿದೆ.

ಮರುದಿನ ಬೆಳಿಗ್ಗೆ ಅವರು ನೆಲದ ಅಲುಗಾಟ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ತಂದು ಅದೇ ಟೇಬಲ್ಲಿನ ಮೇಲೆ ನನ್ನ ಸೂಕ್ಷ್ಮದರ್ಶಕದ ಪಕ್ಕ ಇಟ್ಟರು. ರೈಲು ಹೋಯಿತು. ಅವರ ಪರದೆಯಲ್ಲಿ ಗೆರೆ ಎಗರಿತು, ನನ್ನ ಪರದೆಯಲ್ಲಿ ಕೋಶಗಳು ನಡುಗಿದವು. ಎರಡನೆಯ ರೈಲಿಗೂ ಹಾಗೆಯೇ. ನಾಲ್ಕನೆಯದಕ್ಕೆ ನಾನು ಪರದೆ ನೋಡಲೇ ಇಲ್ಲ.

"ಸಾಕು ಸರ್," ಎಂದೆ.

ಅವರು ಪೆಟ್ಟಿಗೆಯ ಸ್ವಿಚ್ ಆರಿಸಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ನಿಮ್ಮ ವಯಸ್ಸಿನ್ಯಾಗ ನಾನೂ ಆರು ತಿಂಗಳ ಒಂದು ಕಂಪನದ ಬೆನ್ನು ಹತ್ತಿದ್ದೆ. ಕಡೀಗೆ ನೋಡಿದ್ರ ಅದು ನಮ್ಮ ಬಿಲ್ಡಿಂಗಿನ ಲಿಫ್ಟು!" ಎಂದರು. ಅಳು ಬರುತ್ತಿದ್ದವಳಿಗೆ ನಗು ಬಂತು.

ಕರಡನ್ನು ಕೈಬಿಟ್ಟೆ. ಹಳಿಯಿಂದ ದೂರದ ಕಟ್ಟಡವೊಂದರಲ್ಲಿ ಪ್ರಯೋಗ ಮತ್ತೆ ಮಾಡಿದಾಗ ಆ ನಡುಕ ಪೂರ್ತಿ ಮಾಯವಾಗಿತ್ತು. ನಮ್ಮ ವಿಭಾಗದವರೆಲ್ಲ ನಡುಗುವ ಕೋಶಗಳ ನನ್ನ ಚಿತ್ರಗಳನ್ನು ಎಷ್ಟೋ ಸಲ ನೋಡಿದ್ದರು. ನೆಲದ ಕಡೆ ಒಬ್ಬರ ಗಮನವೂ ಹೋಗಿರಲಿಲ್ಲ. ಪ್ರಬಂಧ ಅಚ್ಚಾದ ಮೇಲೆ ಇದು ಬಯಲಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಎರಡು ತಿಂಗಳ ನಂತರ ಬುಧವಾರದ ಊಟಕ್ಕೆ ನಾನೇ ಕೇಳಿ ಇನ್ನೊಂದು ಸರದಿ ಪಡೆದೆ. ನನ್ನ ತಪ್ಪಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಯಾರೂ ನಗಲಿಲ್ಲ. ಮುಗಿಸಿದಾಗ ಖಗೋಳ ವಿಭಾಗದ ಹುಡುಗಿಯೊಬ್ಬಳು ತಟ್ಟೆಯನ್ನು ಪಕ್ಕಕ್ಕಿಟ್ಟು, ತನ್ನ ದೂರದರ್ಶಕದ ಅಂಕಿಗಳಲ್ಲೂ ತನಗೊಂದು ಅನುಮಾನವಿದೆ, ಇಷ್ಟು ದಿನ ಅದನ್ನು ಹೇಳಲು ಧೈರ್ಯವಿರಲಿಲ್ಲ ಎಂದಳು. ಉಳಿದ ಅರ್ಧ ಗಂಟೆ ಎಲ್ಲರೂ ಅವಳ ಅಂಕಿಗಳನ್ನೇ ನೋಡುತ್ತ ಕೂತೆವು.