ಇನಾಸ್ ಬಾಬ್ ತಪ್ಪಾಗಿ ಹಾಡುತ್ತಿರಲಿಲ್ಲ

ಲಿಸ್ಬನ್ನಿನ ಅರಸರು ಹಡಗು ಕಳಿಸಿದರು. ಗೋವೆಯ ವೈಸ್‌ರಾಯರು ಆಜ್ಞೆ ಹೊರಡಿಸಿದರು. ಸುಟ್ಟುಹೋದದ್ದು ನಮ್ಮ ಕರಾವಳಿಯ ಬಡವರ ಮನೆಗಳು. ಗೆದ್ದ ದಿನ ಇಗರ್ಜಿಯಲ್ಲಿ ನಿಂತು ದೇವರಿಗೆ ಲ್ಯಾಟಿನ್ನಿನಲ್ಲಿ ಕೃತಜ್ಞತೆ ಹಾಡಬೇಕಾಗಿ ಬಂದದ್ದೂ ಆ ನೆಲದ ಮಕ್ಕಳಿಗೇ.

ಇಷ್ಟನ್ನೂ ಬರೆದು ಬ್ಯಾಗಿನಲ್ಲಿಟ್ಟುಕೊಂಡು ನಾನು ಕಳೆದ ಶುಕ್ರವಾರ ಮಧ್ಯಾಹ್ನ ಕುವೈತಿನ ಫರ್ವಾನಿಯಾದ ಒಂದು ಕಟ್ಟಡದ ನಾಲ್ಕನೇ ಮಹಡಿ ಹತ್ತಿದೆ. (ಲಿಫ್ಟ್ ಕೆಟ್ಟಿತ್ತು. ವಸಾಹತುಶಾಹಿಯ ಮೇಲಿದ್ದ ಸಿಟ್ಟು ಎರಡನೇ ಮಹಡಿಯ ಹೊತ್ತಿಗೆ ಕಟ್ಟಡದ ಮಾಲೀಕರ ಮೇಲೂ ಹರಿಯಿತು.)

ಕಾರಣ ಹೇಳುತ್ತೇನೆ. ನಮ್ಮ ಕನ್ನಡಿಗರ ಸಂಘದ ವಸಂತೋತ್ಸವದಲ್ಲಿ ಈ ಬಾರಿ ಕರಾವಳಿಯ ಹಳೆಯ ಇಗರ್ಜಿ ಸಂಗೀತಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಹಾಡುವವರು ಲಿಲ್ಲಿ ಬಾಯಿಯವರ ಕೊಯರ್. ಲಿಲ್ಲಿ ಬಾಯಿ ಉಡುಪಿ ಕಡೆಯವರು, ಇಲ್ಲಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ವಾರವಿಡೀ ವಾರ್ಡ್ ನೋಡಿಕೊಂಡು, ರಜೆಯ ದಿನ ಹದಿನಾಲ್ಕು ಮಂದಿಯನ್ನು ತಮ್ಮ ಪುಟ್ಟ ಹಾಲಿನಲ್ಲಿ ಕೂರಿಸಿ ಹಾಡಿಸುವ ಹೆಂಗಸು. ವೇದಿಕೆಯ ಪರಿಚಯದ ಮಾತುಗಳನ್ನು ಬರೆಯುವ ಕೆಲಸ ನನಗೆ ಬಿತ್ತು.

ಸ್ಮರಣ ಸಂಚಿಕೆಯ ಕರಡಿನಲ್ಲಿ ಸಂಘದ ಕಾರ್ಯದರ್ಶಿಗಳು ಆಗಲೇ ಒಂದು ಶೀರ್ಷಿಕೆ ಹಾಕಿದ್ದರು: ‘ಪೋರ್ಚುಗೀಸರ ಕೊಡುಗೆ’.

ಕೊಡುಗೆಯೇ? ಯಾರು ಯಾರಿಗೆ ಕೊಟ್ಟದ್ದು? ನಾನು ಆ ಸಾಲನ್ನು ಹೊಡೆದುಹಾಕಿ ‘ಪೋರ್ಚುಗೀಸರು ಹೇರಿದ ಸಂಗೀತ’ ಎಂದು ಬರೆದೆ. ಅದರ ಕೆಳಗೆ ಎರಡು ಪುಟ ಆರೋಪಪಟ್ಟಿ.

ಆರೋಪಗಳಲ್ಲಿ ಒಂದೂ ಸುಳ್ಳಲ್ಲ. ನಾವು ಬದುಕುತ್ತಿರುವ ಈ ಕೊಲ್ಲಿಯ ಬಾಯಲ್ಲೇ, ಹೊರ್ಮುಜ್‌ನಲ್ಲಿ, ಮಸ್ಕತ್‌ನಲ್ಲಿ ಅವರು ಕೋಟೆ ಕಟ್ಟಿ ಹೋಗಿಬರುವ ಹಡಗುಗಳಿಂದ ಸುಂಕ ಕಿತ್ತರು. ಬಸ್ರೂರು, ಮಂಗಳೂರು ಬಂದರುಗಳಿಂದ ಅಕ್ಕಿಯನ್ನು ಕಪ್ಪವಾಗಿ ಹೊತ್ತರು, ಕೊಡದಿದ್ದಾಗ ಬೆಂಕಿ ಇಟ್ಟರು. ಗೋವೆಯಲ್ಲಿ ಗುಡಿಗಳನ್ನು ಕೆಡವಿದರು. ಇನ್‌ಕ್ವಿಜಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ತೆರೆದು, ಹೊಸದಾಗಿ ಕ್ರೈಸ್ತರಾದವರ ಅಡುಗೆ, ಉಡುಪು, ಮದುವೆ ಎಲ್ಲದರ ಮೇಲೂ ಕಣ್ಣಿಟ್ಟರು. ಕೊಂಕಣಿಯನ್ನೇ ಬಿಡಿ ಎಂದರು. ಮದುವೆಮನೆಯಲ್ಲಿ ಹೆಂಗಸರು ಹಾಡುವ ವೋವಿಯೊ ಎಂಬ ಹಾಡುಗಳನ್ನೂ ನಿಷೇಧಿಸಿದರು. ಇವೆಲ್ಲ ನಡೆಯುತ್ತಿದ್ದ ಕಾಲದಲ್ಲೇ ಇಗರ್ಜಿಯ ಶಾಲೆಗಳಲ್ಲಿ ಹಳ್ಳಿಯ ಮಕ್ಕಳಿಗೆ ಲ್ಯಾಟಿನ್, ಪಿಟೀಲು, ಮೂರು ನಾಲ್ಕು ದನಿಗಳ ಹಾಡುಗಾರಿಕೆ ಕಲಿಸಿದರು. ಹಾಡಲು ಬೇಕಾದ ಆ ಮಕ್ಕಳನ್ನು ಮುಂದೆ ತಮ್ಮ ಸನ್ಯಾಸಿ ಮಠಗಳಿಗೆ ಸೇರಿಸಿಕೊಳ್ಳಲು ಮಾತ್ರ ಬಹುಕಾಲ ಒಪ್ಪಲಿಲ್ಲ.

ಲಿಲ್ಲಿ ಬಾಯಿ ಕನ್ನಡಕ ಏರಿಸಿ ಎರಡೂ ಪುಟ ಓದಿದರು.

“ಎಂತ ಟೀಚರ್, ಇದು ಪ್ರೋಗ್ರಾಮಾ, ಕೋರ್ಟ್ ಕೇಸಾ?”

“ಒಂದು ಅಕ್ಷರ ಸುಳ್ಳಿದ್ದರೆ ಹೇಳಿ ಬಾಯಿ.”

“ಸುಳ್ಳು ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಇದನ್ನು ಕೇಳಿದ ಮೇಲೆ ಜನ ನಮ್ಮ ಹಾಡು ಕೇಳ್ಲಿಕ್ಕೆ ಕೂತ್ಕೊಳ್ತಾರಾ ಅಂತ. ಮೊದ್ಲು ಸುಲೈಮಾನಿ ಕುಡೀರಿ.”

ಸಕ್ಕರೆ ಹೆಚ್ಚಾಗಿದ್ದ ಆ ಕಪ್ಪು ಚಹಾ ಕುಡಿಯುತ್ತ ಕೂತೆ. ಅಂದು ಕೊಯರ್‌ನ ಎಲ್ಲರೂ ಬಂದಿರಲಿಲ್ಲ. ಕೊಂಕಣಿಯವರು ಗೌರವದಿಂದ ‘ಬಾಬ್’ ಎಂದು ಕರೆಯುವ ಹಿರಿಯರೊಬ್ಬರಿಗಾಗಿ ಕಾಯುತ್ತಿದ್ದರು. ಇನಾಸ್ ಬಾಬ್.

ಯಾಕೆ ಎಂದು ತಿಳಿಯಲು ಕೊಯರ್ ವೇದಿಕೆಯಲ್ಲಿ ಹಾಡಲಿರುವ ಹಾಡಿನ ಬಗ್ಗೆ ಸ್ವಲ್ಪ ತಿಳಿಯಬೇಕು. ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಗೋವೆಯಿಂದ ಕಾರವಾರದವರೆಗಿನ ಇಗರ್ಜಿಗಳಲ್ಲಿ ಹಾಡುವ ಮೂರು ದನಿಗಳ ಗೀತೆ ಇದು. ಮೇಲಿನ ದನಿ, ನಡುದನಿ, ಕೆಳಗಿನ ದನಿ. ಹಳೆಯ ಕಾಲದ ಕ್ರಮವೆಂದರೆ ಪ್ರತಿ ದನಿಗೂ ಪ್ರತ್ಯೇಕ ಪುಸ್ತಕ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಸ್ವರ ಇರುವುದಿಲ್ಲ. ಮೂವರೂ ಬಂದು ನಿಂತರೆ ಮಾತ್ರ ಹಾಡು ಪೂರ್ಣ. ಇದನ್ನು ರಚಿಸಿದವರು ಯಾರು? ಊರಿನ ಇಗರ್ಜಿಯ ಸಂಗೀತದ ಮೇಸ್ತ್ರಿ, ಅಂದರೆ ಹಾಡು ಕಲಿಸುವ ಮೇಷ್ಟ್ರು, ಎನ್ನುತ್ತಾರೆ. ಆ ಮೇಸ್ತ್ರಿಯ ಹೆಸರು ಪುಸ್ತಕದಲ್ಲಿಲ್ಲ. ವೈಸ್‌ರಾಯರ ಹೆಸರುಗಳಾದರೋ ಕಲ್ಲಿನಲ್ಲಿ ಕೊರೆದಿವೆ!

ಲಿಲ್ಲಿ ಬಾಯಿಯ ಬಳಿ ಮೇಲಿನ ದನಿಯ ಪುಸ್ತಕವೂ ಕೆಳಗಿನ ದನಿಯ ಪುಸ್ತಕವೂ ಇವೆ. ಕೊಯರ್‌ನ ಹಿಂದಿನ ಹಿರಿಯರು ಕಾರವಾರದ ಹಳ್ಳಿಯೊಂದರಿಂದ ತಂದುಕೊಟ್ಟವು. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿರುವುದರಿಂದ ಅವನ್ನು ಯಾರೂ ತೆರೆಯುವುದಿಲ್ಲ. ಹಾಡುವುದು ಜೆರಾಕ್ಸ್ ಪ್ರತಿ ನೋಡಿ. ನಡುದನಿಯ ಪುಸ್ತಕ ಎಂದೋ ಕಳೆದುಹೋಗಿದೆ. ಆ ದನಿ ಉಳಿದಿರುವುದು ಒಬ್ಬ ಮನುಷ್ಯನ ಗಂಟಲಲ್ಲಿ ಮಾತ್ರ.

ಆ ಮನುಷ್ಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ತೆಳ್ಳಗಿನ ದೇಹ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕೈಯಲ್ಲಿ ಅಂಜೂರದ ಪೊಟ್ಟಣ. ಇನಾಸ್ ಬಾಬ್ ಮಂಗಫ್‌ನಲ್ಲಿ ಗುತ್ತಿಗೆ ಕಂಪನಿಯೊಂದರ ಸ್ಟೋರ್‌ಕೀಪರ್. ಊರು ಅದೇ ಕಾರವಾರದ ಹಳ್ಳಿ. ಸ್ವರಲಿಪಿ ಓದಲು ಬಾರದು. ಇಗರ್ಜಿಯಲ್ಲಿ ಪಿಟೀಲು ನುಡಿಸುತ್ತಿದ್ದ ಅಪ್ಪ ಬಾಯಿಪಾಠ ಮಾಡಿಸಿದ್ದನ್ನು ಮೂವತ್ತು ವರ್ಷದಿಂದ ಈ ಮರಳುನಾಡಿನಲ್ಲಿ ಹಾಡುತ್ತಿದ್ದಾರೆ. ಈ ತಿಂಗಳ ಕೊನೆಗೆ ಅವರ ಇಕಾಮಾ, ಅಂದರೆ ಇಲ್ಲಿ ನೆಲೆಸಲು ಕೊಡುವ ಪರವಾನಗಿ, ಮುಗಿಯುತ್ತದೆ. ಕಂಪನಿ ನವೀಕರಿಸುವುದಿಲ್ಲ. ಟಿಕೆಟ್ ಕೈಗೆ ಬಂದಾಗಿದೆ. ಅವರು ಹೋದರೆ ನಡುದನಿಯೂ ಹೋದಂತೆ. ಆದ್ದರಿಂದ ಇಂದು ಅದನ್ನು ಬರೆದಿಟ್ಟುಕೊಳ್ಳಬೇಕು.

ಬರೆಯುವವಳು ಲಿಲ್ಲಿ ಬಾಯಿಯ ಮಗಳು ರಿಯಾ. ಹನ್ನೆರಡನೇ ಕ್ಲಾಸು, ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದ ಹುಡುಗಿ. ಲ್ಯಾಪ್‌ಟಾಪ್, ಕೀಬೋರ್ಡ್ ಎರಡನ್ನೂ ಜೋಡಿಸಿ ಕೂತಿದ್ದಳು.

“ಅಂಕಲ್, ಪ್ಲೀಸ್ ಸಿಂಗ್ ಸ್ಲೋಲಿ. ಆ ಒಂದು ಜಾಗ ಮಾತ್ರ ಕರೆಕ್ಟ್ ಮಾಡಿ, ಓಕೆ?”

“ಯಾವ ಜಾಗ, ಪುಟ್ಟಾ?” ಇನಾಸ್ ಬಾಬ್ ನಕ್ಕರು. “ನಾ ಯಾವಾಗ್ಲೂ ತಪ್ಪೋ ಜಾಗಾನಾ?”

ಎಲ್ಲರೂ ನಕ್ಕರು. ಆ ಜಾಗ ಕೊಯರ್‌ನಲ್ಲಿ ಪ್ರಸಿದ್ಧ. ಹಾಡಿನ ಮಧ್ಯೆ ಮೇಲಿನ ದನಿ ನಿಂತು ಉಸಿರೆಳೆದುಕೊಳ್ಳುವಾಗ ನಡುದನಿ ಅರ್ಧ ಸ್ವರ ಕೆಳಗೆ ಜಾರಿ, ಅಲ್ಲೇ ತೂಗಿ, ಮತ್ತೆ ಮೇಲೇರುತ್ತದೆ. ಕೆಳದನಿಯವರೊಂದಿಗೆ ಅಲ್ಲಿ ಕಚ್ಚಾಡುತ್ತದೆ. ‘ಬಾಬ್, ಅಲ್ಲಿ ನೋಡ್ಕೊಳ್ಳಿ’ ಎಂದು ಮೂವತ್ತು ವರ್ಷದಿಂದ ಒಬ್ಬರಲ್ಲ ಒಬ್ಬರು ಹೇಳುತ್ತ ಬಂದಿದ್ದಾರೆ.

ಇನಾಸ್ ಬಾಬ್ ಎದ್ದು ನಿಂತರು. ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡರು. ಹಾಡಿದರು.

ನಡುದನಿಯನ್ನು ಒಂಟಿಯಾಗಿ ಕೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಯಾಕೆ ಕೇಳುತ್ತಾರೆ? ಮೇಲಿನ ದನಿಗೆ ಮೆಚ್ಚುಗೆ, ಕೆಳಗಿನ ದನಿಗೆ ಗಾಂಭೀರ್ಯ; ನಡುವಿನದು ಸಂದಿ ತುಂಬುವ ಕೆಲಸದ್ದು. ಆದರೆ ಅಂದು ಅದು ಒಂದೇ ಹೊರಬಂದಾಗ ನಾನು ಲೋಟ ಕೆಳಗಿಟ್ಟೆ. ದನಿ ಸ್ವಲ್ಪ ಒಡೆದಿತ್ತು. ನೇರವಾಗಿ ನಡೆಯುವ ಸ್ವರಗಳಲ್ಲ ಅವು. ತೊಟ್ಟಿಲ ಹಾಗೆ ತೂಗುತ್ತ, ಒಂದೇ ಕಡೆಗೆ ಮತ್ತೆ ಮತ್ತೆ ಮರಳುತ್ತಿದ್ದವು. ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂಬುದು ಈ ಅಂಕಣದ ಓದುಗರಿಗೆ ಹೊಸ ಸುದ್ದಿಯಲ್ಲ. ಆದರೂ ಬೆನ್ನು ನೇರ ಮಾಡಿ ಕೂತೆ.

ಅಡುಗೆಮನೆಯಿಂದ ಲಿಲ್ಲಿ ಬಾಯಿಯ ಅತ್ತೆ ಸೌಟು ಹಿಡಿದೇ ಬಂದರು. ಮೂರು ತಿಂಗಳ ವೀಸಾದಲ್ಲಿ ಊರಿಂದ ಬಂದಿರುವ ಅಜ್ಜಿ.

“ಇದೆಂತದು ತಪಸ್ಸು ಕಾಲದಲ್ಲಿ ಮದುವೆ ಹಾಡು ಹೇಳ್ತೀರಿ?”

“ಮದುವೆ ಹಾಡಲ್ಲ ಅತ್ತೆ, ಇದು ಇಗರ್ಜಿಯ ಲ್ಯಾಟಿನ್ ಹಾಡು.”

“ಲ್ಯಾಟಿನ್ ಇರ್ಲಿ, ಮತ್ತೊಂದು ಇರ್ಲಿ. ರಾಗ ವೋವಿದೇ. ಆ ಕೆಳಗೆ ಇಳಿದು ತೂಗ್ತದಲ್ಲ, ಅಲ್ಲಿ ನಾವು ಮದುಮಗಳ ತಲೆಗೆ ತೆಂಗಿನ ಹಾಲು ಹಾಕೋದು.”

ಹೇಳಿದವರೇ ಸೌಟು ಆಡಿಸುತ್ತ ಗುನುಗಿದರು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರದ ವೋವಿ ಅದು. ಇನಾಸ್ ಬಾಬ್ ‘ತಪ್ಪುವ’ ಜಾಗಕ್ಕೆ ಬಂದಾಗ ಅಜ್ಜಿಯ ದನಿಯೂ ಅಷ್ಟೇ ಜಾರಿತು. ಅಷ್ಟೇ ತೂಗಿತು.

ರಿಯಾ ತಲೆಯಾಡಿಸಿದಳು. “ಬಟ್ ಮಮ್ಮಾ, ಬೇಸ್ ಪಾರ್ಟ್ ಜೊತೆ ಅದು ಕ್ಲ್ಯಾಶ್ ಆಗ್ತದೆ. ದೇರ್ ಮಸ್ಟ್ ಬಿ ಸಮ್‌ಥಿಂಗ್. ಒರಿಜಿನಲ್ ಬುಕ್ ಎಲ್ಲಿ?”

ಪ್ಲಾಸ್ಟಿಕ್ ಚೀಲದ ಜಿಪ್ ಎಳೆದದ್ದು ಎಷ್ಟೋ ವರ್ಷದ ಮೇಲೆ. ಕೆಳದನಿಯ ಪುಸ್ತಕದ ಆ ಪುಟದಲ್ಲಿ, ಆ ಸ್ವರದ ಎಡಕ್ಕೆ, ಎಳ್ಳುಕಾಳಿನಷ್ಟು ಒಂದು ಗುರುತಿತ್ತು. ರಿಯಾ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿದಳು. ಸ್ವರವನ್ನು ಅರ್ಧ ಇಳಿಸಬೇಕೆಂಬ ಚಿಹ್ನೆ. ಅದೇ ಚೀಲದಲ್ಲಿದ್ದ ಹಳೆಯ ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಅದು ಶಾಯಿ ಕಲೆಯ ಹಾಗೆ ಕಂಡಿತ್ತು. ಯಾರೋ ಶಿಸ್ತಿನ ಮನುಷ್ಯರು ಅದರ ಮೇಲೆ ವೈಟ್ನರ್ ಬಳಿದು, ಆ ಪ್ರತಿಯನ್ನೇ ಮತ್ತೆ ಜೆರಾಕ್ಸ್ ಮಾಡಿಸಿದ್ದರು.

ಕೆಳದನಿಯೂ ಅಲ್ಲಿ ಅರ್ಧ ಇಳಿಯಬೇಕಿತ್ತು. ಇಳಿದರೆ ಕಚ್ಚಾಟವಿಲ್ಲ. ಮೂವತ್ತು ವರ್ಷದಿಂದ ಸರಿ ಹಾಡಿದವರು ಒಬ್ಬರೇ. ತಪ್ಪಿದವರು ಉಳಿದವರೆಲ್ಲ.

“ಯಾರು ವೈಟ್ನರ್ ಹಾಕಿದ್ದು?” ರಿಯಾ ಕೇಳಿದಳು.

“ನಾನೇ,” ಎಂದರು ಲಿಲ್ಲಿ ಬಾಯಿ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಇನಾಸ್ ಬಾಬ್ ಕಡೆ ತಿರುಗಿದರು. “ಬಾಬ್, ಇಷ್ಟು ವರ್ಷ ನಾವು ನಿಮಗೆ ಹೇಳ್ತಾ ಇದ್ದದ್ದು… ನೀವು ಒಂದು ಸಲ ಆದ್ರೂ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?”

“ಏನ್ ಹೇಳೋದು ಬಾಯಿ? ನಂಗೆ ನೋಟ್ಸ್ ಓದ್ಲಿಕ್ಕೆ ಬರೂದಿಲ್ಲ. ನಿಮಗೆಲ್ಲ ಬರ್ತದೆ. ನಂದೇ ತಪ್ಪಿರ್ಬೇಕು ಅಂದ್ಕೊಂಡೆ. ಅದ್ಕೇ ಆ ಜಾಗ ಬಂದ್ರೆ ದನಿ ಸಣ್ಣ ಮಾಡ್ತಿದ್ದೆ, ನಿಮಗ್ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ.”

“ಸಣ್ಣ ಮಾಡೋ ಬದಲು ಸ್ವರಾನೇ ಬದಲಾಯಿಸಬಹುದಿತ್ತಲ್ಲ?” ನಾನು ಕೇಳಿದೆ.

ಅವರು ನನ್ನತ್ತ ಅಚ್ಚರಿಯಿಂದ ನೋಡಿದರು. “ಅದು ಹ್ಯಾಂಗ್ರೀ ಟೀಚರ್? ಅಪ್ಪ ಕೊಟ್ಟದ್ದು ಹಾಂಗೇ ಇತ್ತು.”

ಓದುಗರೇ, ನಾನು ಹಲವು ಹೋರಾಟಗಳಲ್ಲಿ ನಿಂತಿದ್ದೇನೆ, ಘೋಷಣೆ ಕೂಗಿದ್ದೇನೆ. ಎಲ್ಲರೂ ತಪ್ಪು ಎನ್ನುತ್ತಿರುವಾಗ ದನಿ ತಗ್ಗಿಸಿಕೊಂಡೂ ಸ್ವರ ಬಿಡದ ಹಟವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ನನ್ನ ಎರಡು ಪುಟ ಅಲ್ಲೇ ಮೇಜಿನ ಮೇಲಿತ್ತು. ‘ಹೇರಿದ ಸಂಗೀತ’. ನನ್ನ ಆರೋಪಪಟ್ಟಿಯಲ್ಲಿ ಅರಸರಿದ್ದರು, ವೈಸ್‌ರಾಯರಿದ್ದರು, ಪಾದ್ರಿಗಳಿದ್ದರು. ಈ ಹಾಡನ್ನು ಮಾಡಿದವನೇ ಇರಲಿಲ್ಲ! ಕಾರ್ಯದರ್ಶಿಗಳ ‘ಕೊಡುಗೆ’ ಎಂಬ ಮಾತಿನಲ್ಲೂ ಅವನಿಲ್ಲ. ಆಳುವವರು ಕೊಟ್ಟರು ಎಂದರೂ ಆಳುವವರು ಹೇರಿದರು ಎಂದರೂ ಮಾಡಿದ್ದೆಲ್ಲ ಆಳುವವರೇ ಎಂದಾಯಿತಲ್ಲ? ಹಳ್ಳಿಯ ಮೇಸ್ತ್ರಿಯನ್ನು ಅಳಿಸಲು ನಾನೂ ಕೈ ಹಾಕಿದ್ದೆ, ಅದೂ ಅವನ ಪರವಾಗಿ ಎಂದುಕೊಂಡು.

ಆ ಮೇಸ್ತ್ರಿ ಬೇಕೆಂದೇ ನಡುದನಿಯಲ್ಲಿ ವೋವಿಯನ್ನು ಇಟ್ಟನೇ? ಅಥವಾ ಅವ್ವನ ಹಾಡು ತಾನಾಗಿಯೇ ಕೈಗೆ ಬಂತೇ? ದಾಖಲೆಯಿಲ್ಲ, ಇದೆ ಎಂದು ನಾನು ಹೇಳಲಾರೆ. ಆದರೆ ಇಷ್ಟು ನಿಜ: ಮನೆಯಲ್ಲಿ ಹಾಡಬಾರದು ಎಂದು ಅಪ್ಪಣೆಯಾಗಿದ್ದ ಹಾಡಿನ ತೂಗಾಟ, ಅಪ್ಪಣೆ ಮಾಡಿದವರ ಎದುರಿಗೇ, ಅವರ ಪೀಠದ ಮುಂದೆ, ಅವರದೇ ಭಾಷೆಯ ಪದ ತೊಟ್ಟು ನಿಂತಿತ್ತು. ಯಾರೂ ಕಿವಿಗೊಡದ ನಡುದನಿಯಲ್ಲಿ. ಕೋಟೆಗಳು ಕೈಬದಲಾದವು, ಹೊರ್ಮುಜ್ ಹೋಯಿತು, ಮಸ್ಕತ್ ಹೋಯಿತು. ಈ ಅರ್ಧ ಸ್ವರ ಉಳಿದು ಮಂಗಫ್‌ನ ಸ್ಟೋರ್‌ರೂಮಿನವರೆಗೆ ಬಂದಿದೆ.

ಅಂದು ಮೂರು ದನಿಗಳೂ ಸೇರಿ ಮತ್ತೊಮ್ಮೆ ಹಾಡಿದವು. ಲಿಲ್ಲಿ ಬಾಯಿ ಮೇಲೆ, ಅವರ ಗಂಡ ಕೆಳಗೆ, ಹೊಸದಾಗಿ ಇಳಿಸಿದ ಸ್ವರದೊಂದಿಗೆ. ಆ ಜಾಗ ಬಂತು. ಅಭ್ಯಾಸಬಲದಿಂದ ಇನಾಸ್ ಬಾಬ್ ದನಿ ಸಣ್ಣದಾಗತೊಡಗಿತು. ಲಿಲ್ಲಿ ಬಾಯಿ ಹಾಡುತ್ತಲೇ ಅವರ ಭುಜ ತಟ್ಟಿ ‘ಜೋರು’ ಎಂದು ಸನ್ನೆ ಮಾಡಿದರು. ಅವರು ಕಣ್ಣು ಮುಚ್ಚಿ ದನಿ ಬಿಟ್ಟರು. ರಿಯಾ ಕೀಬೋರ್ಡಿನಿಂದ ಕೈ ತೆಗೆದಳು.

ಹಾಡು ಈಗ ಲ್ಯಾಪ್‌ಟಾಪಿನಲ್ಲಿದೆ. ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ವಸಂತೋತ್ಸವ ನಿಗದಿಯಾಗಿರುವುದು ಇನಾಸ್ ಬಾಬ್ ವಿಮಾನ ಹತ್ತಿದ ಮೂರು ದಿನಗಳ ಬಳಿಕ. ನಾಲ್ಕೇ ನಾಲ್ಕು ದಿನ ಹೆಚ್ಚು ಇರಲು ಬಿಡಿ ಎಂದು ಅವರು ಕಂಪನಿಯನ್ನು ಕೇಳಿಕೊಂಡಿದ್ದರು. ಮೂವತ್ತು ವರ್ಷ ದುಡಿಸಿಕೊಂಡ ಕಚೇರಿ ಒಂದೇ ಪದದಲ್ಲಿ ಉತ್ತರ ಕೊಟ್ಟಿತು: ಖಲಾಸ್.

ನಾನು ಅಲ್ಲಿಂದಲೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

“ಡೇಟ್ ಚೇಂಜ್ ಮಾಡಕ್ಕೆ ಆಗಲ್ಲ ಮೇಡಂ. ಬೆಂಗಳೂರಿಂದ ಚೀಫ್ ಗೆಸ್ಟ್ ಬರ್ತಿದ್ದಾರೆ, ಅವರಿಗೆ ಅದೊಂದೇ ದಿನ ಫ್ರೀ. ನಿಮ್ಮ ಅಂಕಲ್‌ದು ರೆಕಾರ್ಡ್ ಮಾಡ್ಕೊಳಿ, ಟ್ರ್ಯಾಕ್ ಹಾಕಿಬಿಡೋಣ. ಯಾರಿಗೂ ಡಿಫರೆನ್ಸೇ ಗೊತ್ತಾಗಲ್ಲ.”

“ಅವರಿಗೆ ಗೊತ್ತಾಗುತ್ತಲ್ಲ ಸರ್?”

“ಅವರು ಅಷ್ಟೊತ್ತಿಗೆ ಊರಲ್ಲಿರ್ತಾರಲ್ಲ ಮೇಡಂ!”

ಇನಾಸ್ ಬಾಬ್‌ಗೆ ಇದನ್ನು ಹೇಳಿದೆ. “ಬಿಡ್ರೀ ಟೀಚರ್” ಎಂದು ಅಂಜೂರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದರು. ಈಗಷ್ಟೇ ದಕ್ಕಿದ ‘ಸರಿ’ ಎಂಬ ಮಾತನ್ನು ಒಮ್ಮೆಯಾದರೂ ನಾಲ್ಕು ಜನರ ಎದುರು ಹಾಡಿ ತೋರಿಸುವ ಆಸೆ ಅವರಿಗಿಲ್ಲವೇ? ಇದೆ. ಮೆಟ್ಟಿಲಿಳಿಯುವಾಗ ಅದೇ ಜಾಗವನ್ನು ಗುನುಗುತ್ತಿದ್ದರು, ಪೂರ್ತಿ ದನಿಯಲ್ಲಿ.

ಅವರು ಬಿಡಲಿ. ನಾನು ಬಿಡುವುದಿಲ್ಲ. ಹಾಲ್‌ನವರನ್ನು ನಾನೇ ವಿಚಾರಿಸಿದ್ದೇನೆ. ವಸಂತೋತ್ಸವಕ್ಕೆ ಒಂದು ವಾರ ಮುಂಚಿನ ಶುಕ್ರವಾರ ಖಾಲಿಯಿದೆ. ಕೊಯರ್‌ನ ಹದಿನಾಲ್ಕು ಮಂದಿಯೂ ಬಿಡುವು ಮಾಡಿಕೊಳ್ಳಲು ಒಪ್ಪಿದ್ದಾರೆ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.

ಕಾರ್ಯದರ್ಶಿಗಳೇ, ಸಮಿತಿಯ ಸದಸ್ಯರೇ, ಆ ಶೀರ್ಷಿಕೆಯನ್ನು ತೆಗೆದು ‘ರಚನೆ: ಕಾರವಾರ ಸೀಮೆಯ ಹೆಸರು ಉಳಿಯದ ಮೇಸ್ತ್ರಿ, ನಡುದನಿ: ಇನಾಸ್ ಬಾಬ್’ ಎಂದು ಮುದ್ರಿಸಿ, ವಸಂತೋತ್ಸವವನ್ನು ಒಂದು ವಾರ ಮೊದಲೇ, ಅವರು ಇನ್ನೂ ಕುವೈತಿನಲ್ಲಿರುವ ಶುಕ್ರವಾರದಂದು ನಡೆಸಿ, ರೆಕಾರ್ಡಿಂಗನ್ನು ಬೇಕಾದರೆ ನಿಮ್ಮ ಮುಖ್ಯ ಅತಿಥಿಗೆ ಕಳಿಸಿಕೊಡಿ.