ಅಜ್ಜಿ ಹೇಳದ ಕಥೆ

ಶಿಶುವಿಹಾರದ ಆಯಾ ಮಕ್ಕಳಿಗೆ ಹೇಳುತ್ತಿದ್ದುದು ಒಂದೇ ಒಂದು ಸುಳ್ಳು. ಊಟವಾದ ಮೇಲೆ ಹದಿನಾಲ್ಕು ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, "ಇದು ನಮ್ಮಜ್ಜಿ ಹೇಳಿದ ಕಥೆ" ಎಂದು ಶುರುಮಾಡುತ್ತಿದ್ದಳು. ಹಾಗೆಂದರೆ ಮಕ್ಕಳು ತುಟಿಪಿಟಕ್ಕೆನ್ನದೆ ಕೇಳುತ್ತಿದ್ದವು. ಕಥೆಗಳೆಲ್ಲ ಅವಳೇ ಅಲ್ಲೇ ಕೂತು ಕಟ್ಟಿದವು.

ಒಂದು ಬೆಳಿಗ್ಗೆ ಮಗುವೊಂದರ ಅಪ್ಪ ಹೊಸ ಪುಸ್ತಕ ತಂದ. "ಆಯಮ್ಮ, ನಿಮ್ಮ ಒಂಟಿ ಕಾಲುಚೀಲದ ಆನೆ ಇದರಲ್ಲಿದೆ ನೋಡಿ!"

ಆನೆಯೂ ಇತ್ತು, ಅದರ ಹಟವೂ ಇತ್ತು, ಅವಳದೇ ಮಾತುಗಳೂ ಇದ್ದವು. ಮುಖಪುಟದಲ್ಲಿ ಮಾತ್ರ 'ಜನಪದ ಕಥೆಗಳು' ಎಂದಿತ್ತು. ಕೆಳಗೆ, ಸಂಗ್ರಹಿಸಿದವಳ ಹೆಸರು. ಆ ಹೆಸರು ಶಿಶುವಿಹಾರದ ಹಾಜರಿ ಪುಸ್ತಕದಲ್ಲೂ ಇತ್ತು, ತಾಯಿಯ ಕಾಲಂನಲ್ಲಿ. ಆ ಗುಂಗುರು ಕೂದಲಿನಾಕೆ!

ದಿನಾ ಕಥೆಯ ಹೊತ್ತಿಗೇ ಬಂದು ಬಾಗಿಲಲ್ಲಿ ಕೂರುತ್ತಿದ್ದಳಲ್ಲ, ಮಗುವಿಗಾಗಿಯೇ? ಮೊಬೈಲನ್ನು ಕಿಟಕಿಯ ಮೇಲೆ ಇಡುತ್ತಿದ್ದಳಲ್ಲ, ಸುಮ್ಮನೆಯೇ? ಅಂದಿನಿಂದ ಯಾವ ತಾಯಿ ಹೊಸ್ತಿಲಲ್ಲಿ ನಿಂತರೂ ಆಯಾಳ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ನೀರು ಕೇಳಿದವಳ ಕೈಯನ್ನೂ ಮೊಬೈಲ್ ಇದೆಯೇ ಎಂದು ದಿಟ್ಟಿಸುತ್ತಿದ್ದಳು. ನಿದ್ದೆಗೆಟ್ಟ ಮಕ್ಕಳು ಸಂಜೆ ರಚ್ಚೆ ಹಿಡಿದರೆ, ಮಗುವಿಗೇನಾಯಿತೋ ಎಂದು ತಾಯಂದಿರಿಗೆ ಪುಕಪುಕ.

ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ತಮ್ಮ ಹೇಳಿದ: "ಅಕ್ಕಾ, ತಲೆತಲಾಂತರದ ಕಥೆಗೆ ಯಜಮಾನ ಇಲ್ಲ. ಸ್ವಂತ ಕಟ್ಟಿದ್ದಾದ್ರೆ ಹಕ್ಕು ಕಟ್ಟಿದವರದ್ದು. ಆದ್ರೆ ನೀನೇ ಕಟ್ಟಿದ್ದು ಅನ್ನೋಕೆ ಏನಿದೆ?"

"ನನ್ನ ತಲೆ ಇದೆ."

"ಅದನ್ನ ಜಡ್ಜ್ ಮುಂದೆ ಬಿಚ್ಚಿ ಇಡ್ತೀಯಾ?"

ಆಗ ಅವಳಿಗೆ ಹೊಳೆದದ್ದು ಡೈರಿ. ಎಡಗಾಲಿನ ಕಾಲುಚೀಲ ಬಿಚ್ಚಲು ಬಿಡದ ಹುಡುಗಿಯೊಬ್ಬಳು ಹಿಂದೆ ಶಿಶುವಿಹಾರದಲ್ಲಿದ್ದಳು. ಅವಳ ಮನೆಗೆ ಕಳಿಸುವ ಡೈರಿಯಲ್ಲಿ ಆಯಾ ಬರೆದಿದ್ದಳು: "ಇವತ್ತು ನಿಮ್ಮ ಮಗಳಿಗೋಸ್ಕರ ಆನೆ ಕಥೆ ಕಟ್ಟಿದೆ. ಮಲಗಿದಳು." ತಾರೀಖು ಸಮೇತ. ಪುಣ್ಯಕ್ಕೆ ಆ ಹುಡುಗಿಯ ತಾಯಿ ಡೈರಿಯನ್ನು ಎಸೆದಿರಲಿಲ್ಲ; ಕೇಳಿದಾಗ ಕೊಟ್ಟಳು. ಗುಂಗುರು ಕೂದಲಿನಾಕೆ ತನ್ನ ಮಗುವನ್ನು ಸೇರಿಸಿದ್ದೇ ಅದಾಗಿ ಒಂದು ವರ್ಷಕ್ಕೆ.

ಚಪ್ಪಲಿ ಗೂಡಿನ ಬಳಿ ಆಯಾ ಅವಳನ್ನು ತಡೆದು ಪುಸ್ತಕ ತೋರಿಸಿದಳು.

"ಅಜ್ಜಿ ಕಥೆ ಅಂತ ನೀವೇ ಅಂದ್ರಲ್ಲ ಆಯಮ್ಮ! ಅಜ್ಜಿ ಕಥೆ ಎಲ್ಲರದ್ದೂ ಅಲ್ವಾ?"

"ಅಂದದ್ದು ಮಕ್ಕಳಿಗೆ, ನಿಮ್ಮ ಮೊಬೈಲಿಗಲ್ಲ. ನಮ್ಮಜ್ಜಿ ಬೈಗುಳ ಬಿಟ್ಟು ಬೇರೇನೂ ಹೇಳಿದವಳಲ್ಲ. ಒಂದು ಮಾತು ನನ್ನನ್ನ ಕೇಳಬಹುದಿತ್ತಲ್ಲ? ಎರಡು ಮಾರು ದೂರದಲ್ಲೇ ಕೂತಿದ್ದೆ."

ಆಯಾ ಮುಂದೆ ಹಿಡಿದ ಡೈರಿ ಓದಿದವಳ ಮುಖ ಕೆಂಪಾಯಿತು. "ಮುಂದಿನ ಮುದ್ರಣದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ. ನಂಬಿ."

"ನಂಬಲ್ಲ. ಬರೆದುಕೊಡಿ."

ಅವಳು ಬರೆದಳು: 'ಆನೆ ಕಥೆ ಕಟ್ಟಿದವರು ಆಯಮ್ಮ.'

ಆಯಾ ಚೀಟಿಯನ್ನು ಹಿಂದಕ್ಕೆ ನೂಕಿದಳು. "ಇದು ನನ್ನ ಕೆಲಸದ ಹೆಸರು. ನಾಳೆ ಇನ್ನೊಬ್ಬಳು ಆಯಮ್ಮ ಬಂದರೆ ಕಥೆ ಅವಳದಾಗುತ್ತಾ?"

ಒಂದೂವರೆ ವರ್ಷ ದಿನಾ ಕಂಡ ಹೆಂಗಸಿನ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಆಯಾ ಪೆನ್ನು ಕಿತ್ತುಕೊಂಡು, ತನ್ನ ಪೂರ್ತಿ ಹೆಸರನ್ನು ತಾನೇ ದಪ್ಪ ಅಕ್ಷರದಲ್ಲಿ ಬರೆದಳು.

"ಈಗ ಕೆಳಗೆ ನಿಮ್ಮ ಸಹಿ. ತಾರೀಖನ್ನೂ ಹಾಕಿ."