ಪಿಸ್ತೂಲಿನ ಪೆಟ್ಟಿಗೆಯ ಮುಚ್ಚಳ

ಮೇಷ್ಟ್ರ ಬಲಗೈ ತೋರುಬೆರಳಿಗೆ ತುದಿಯಿರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾಗ ಯಂತ್ರಕ್ಕೆ ಸಿಕ್ಕಿ ಹೋದದ್ದು. ಹಾಗಾಗಿ ಟ್ರಿಗರನ್ನು ನಡುಬೆರಳಿನಿಂದ ಎಳೆಯುತ್ತಿದ್ದರು, ಆದರೂ ನಮ್ಮೆಲ್ಲರಿಗಿಂತ ಮೆತ್ತಗೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಾಕಳಿಯ ಆಚೆ, ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಕ್ವಾರಿಯಲ್ಲಿ ನಮ್ಮ ಶೂಟಿಂಗ್ ಕ್ಲಬ್ ಇತ್ತು. ಭಾನುವಾರ ಮಾತ್ರ ಅಭ್ಯಾಸ. ಬಂದೂಕು, ಪಿಸ್ತೂಲುಗಳ ಉಸ್ತುವಾರಿ ಅವರದು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ನಾನು ಆಗ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅದಕ್ಕೇ ಇರಬೇಕು, ನನ್ನನ್ನು 'ಮೇಡಮ್ಮ' ಎಂದು ಕರೆದು ಒಳಗೊಳಗೇ ನಗುತ್ತಿದ್ದರು.

ಪಿಸ್ತೂಲುಗಳಿಗೆ ಒಂದು ಮರದ ಪೆಟ್ಟಿಗೆಯಿತ್ತು. ಅದರ ಮುಚ್ಚಳದ ಒಳಭಾಗದಲ್ಲಿ ಪ್ರತಿ ಪಿಸ್ತೂಲಿಗೂ ಒಂದು ಜಾಗ. ಯಾವುದಾದರೂ ಹೊಡೆಯುವಾಗ ಕೈಕೊಟ್ಟರೆ ಅದರ ಜಾಗದಲ್ಲಿ ಸೀಮೆಸುಣ್ಣದ ಒಂದು ಗೆರೆ ಎಳೆಯುತ್ತಿದ್ದರು. ಅಳಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ರಾಜ್ಯಮಟ್ಟದ ಸ್ಪರ್ಧೆಗೆ ಹೆಂಗಸರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ನಾನೂ ಇನ್ನೊಬ್ಬ ಹುಡುಗಿಯೂ ಪೈಪೋಟಿಯಲ್ಲಿ ಗುರಿ ಹೊಡೆಯಬೇಕಿತ್ತು. ಮೇಷ್ಟ್ರು ನನ್ನ ಮುಂದೆ ಎರಡು ಪಿಸ್ತೂಲು ಇಟ್ಟರು. ಒಂದರ ಕಪ್ಪು ಸವೆದು ಬಿಳಿಚಿತ್ತು, ಇನ್ನೊಂದು ಹೊಸದು, ಮಿರಿಮಿರಿ ಮಿಂಚುತ್ತಿತ್ತು. ಕಣ್ಣು ಮುಚ್ಚಿಸಿ, ಒಂದೊಂದನ್ನೂ ಹಿಡಿದು ಕೈ ಚಾಚಲು ಹೇಳಿದರು. ಕಣ್ಣು ಬಿಟ್ಟಾಗ ಗುರಿ ನೆಟ್ಟಗಿದೆಯೇ ಎಂದು ನೋಡುವ ಅವರ ಪರೀಕ್ಷೆ ಅದು. ಎರಡೂ ನೆಟ್ಟಗಿದ್ದವು. ನಾನು ಮುಚ್ಚಳ ನೋಡಿದೆ. ಹಳೆಯದಕ್ಕೆ ಒಂಬತ್ತು ಗೆರೆ, ಹೊಸದಕ್ಕೆ ಒಂದೂ ಇಲ್ಲ.

"ಹೊಸದು, ಮೇಷ್ಟ್ರೇ."

"ಎರಡ್ರಲ್ಲೂ ನಾಕು ಭಾನುವಾರ ಹೊಡೀರಿ ಮೇಡಮ್ಮ. ಆಮೇಲೆ ಯಾವ್ದು ಅಂತ ಏಳೀರಂತೆ."

"ಬೇಡ. ಇದೇ ಇರಲಿ."

ಅವರು ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟರು.

ಆಯ್ಕೆಯ ದಿನ ನಾಲ್ಕನೆಯ ಗುಂಡಿಗೆ ಆ ಹೊಸ ಪಿಸ್ತೂಲು ನಿಂತುಹೋಯಿತು. ಹೊಡೆದ ಗುಂಡಿನ ಖಾಲಿ ತೋಟೆ ಒಳಗೇ ಸಿಕ್ಕಿಕೊಂಡಿತ್ತು. ಏನಾಯಿತೆಂದು ನೋಡಲು ನಾನು ಅದನ್ನು ಪಕ್ಕದವರ ಕಡೆಗೆ ಓರೆಯಾಗಿ ತಿರುಗಿಸತೊಡಗಿದೆ.

"ಬಾಯಿ ಬಂಡೆ ಕಡೆ!"

ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕ್ವಾರಿಯ ಗೋಡೆಗಳು ಆ ಮಾತನ್ನು ಮತ್ತೆ ಮತ್ತೆ ಹೇಳಿದವು. ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದು ಪಿಸ್ತೂಲಿನ ಬಾಯನ್ನು ಗುರಿಯ ಹಿಂದಿನ ಬಂಡೆಗೆ ತಿರುಗಿಸಿದರು. ಆ ಮೊಂಡು ಬೆರಳು ಬೆಚ್ಚಗಿತ್ತು. ತೋಟೆ ತೆಗೆದುಕೊಟ್ಟರು, ಮತ್ತೆ ಹೊಡೆಯಲು ಅವಕಾಶವೂ ಸಿಕ್ಕಿತು. ಆದರೆ ಉಳಿದ ಗುಂಡುಗಳೆಲ್ಲ ಗುರಿಯ ಅಂಚಿಗೇ ಬಿದ್ದವು. ಜಾಗ ಆ ಹುಡುಗಿಗೆ ಹೋಯಿತು.

ಸಂಜೆ ಪೆಟ್ಟಿಗೆ ತೆರೆದು ಸೀಮೆಸುಣ್ಣವನ್ನು ನನ್ನತ್ತ ಚಾಚಿದರು. "ನೀವೇ ಎಳೀರಿ."

ಹೊಸದರ ಜಾಗದಲ್ಲಿ ಎಳೆದೆ.

"ಅಳೇದು ಎಂಟು ವರ್ಸ ಎಲ್ಲಾರ ಕೈಲೂ ಗುಂಡು ಹೊಡ್ದೈತೆ. ಅದಕ್ಕೇ ಒಂಬತ್ತು. ಇದು ಬಂದಾಗಿಂದ ಪೆಟ್ಟಿಗೇಲೇ ಮಲಗಿತ್ತು. ಮಲಗಿರೋದು ಎಲ್ಲಿ ತಪ್ಪು ಮಾಡ್ತದೆ?"

"ಮೊದಲೇ ಹೇಳಬಹುದಿತ್ತಲ್ಲ?"

"ಏಳಿದ್ರೆ ನಾನು ಆರಿಸಿದ್ದಾಗ್ತಿತ್ತು. ಕೈ ನಿಮ್ದಲ್ವಾ?"

ಆ ಉತ್ತರವನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಆದರೆ ಮುಂದಿನ ವರ್ಷ ಅವರು ಹೇಳಿದಂತೆಯೇ ಎರಡರಲ್ಲೂ ಹೊಡೆದೆ, ನಾಲ್ಕಲ್ಲ, ಹದಿನಾಲ್ಕು ಭಾನುವಾರ. ಆಮೇಲೆ ಬಿಳಿಚಿದ್ದನ್ನೇ ತೆಗೆದುಕೊಂಡೆ. ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ ಅವರು, "ಈಗ ನೋಡಿ, ಮೇಡಮ್ಮಂಗೆ ಪಿಸ್ತೂಲು ಗುರುತು ಸಿಕ್ತು," ಎಂದು ಎಲ್ಲರೆದುರು ನಕ್ಕರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಕ್ಲಬ್ಬಿಗೆ ಕಬ್ಬಿಣದ ಬೀರು ಬಂತು. ಮರದ ಪೆಟ್ಟಿಗೆಯನ್ನು ಸೌದೆಗೆ ಹಾಕುತ್ತಾರೆಂದು ತಿಳಿದು ಮುಚ್ಚಳವನ್ನು ಕೇಳಿ ತಂದೆ. ಅದು ನನ್ನ ಮೇಜಿನ ಪಕ್ಕ ಗೋಡೆಗೆ ಒರಗಿದೆ. ಅವರ ಗೆರೆಗಳೆಲ್ಲ ನೆಟ್ಟಗಿವೆ, ನಾನೆಳೆದ ಒಂದು ಮಾತ್ರ ಸೊಟ್ಟ. ದೂಳು ಒರೆಸುವಾಗ ಅದಕ್ಕೆ ಬಟ್ಟೆ ತಾಗದಂತೆ ನೋಡಿಕೊಳ್ಳುತ್ತೇನೆ.